ಹಾಸಿಗೆ ಹಿಡಿದವರ ಮೂತ್ರದ ಪಾತ್ರೆ: ತೊಳೆಯುವ ಕಡೆಯಿಂದ ವಿನ್ಯಾಸ ಶುರು ಮಾಡಿ

ಅಪ್ಪ ಹಾಸಿಗೆ ಹಿಡಿದ ಮೇಲೆ ನಾವು ತಂದದ್ದು ಒಂದು ಸಾಮಾನ್ಯ ಪ್ಲಾಸ್ಟಿಕ್ ಮೂತ್ರದ ಪಾತ್ರೆ. ದಿನಕ್ಕೆ ಆರೇಳು ಸಲ ತೊಳೆಯುತ್ತಿದ್ದೆವು. ಸೋಪು ಹಾಕಿದೆವು, ಬ್ರಷ್ ಹಾಕಿ ಉಜ್ಜಿದೆವು, ಬಿಸಿಲಿಗೆ ಇಟ್ಟೆವು. ಮೂರನೇ ವಾರಕ್ಕೆ ಹಿಡಿದ ವಾಸನೆ ಮಾತ್ರ ಹೋಗಲೇ ಇಲ್ಲ. ಕೊನೆಗೆ ಒಂದು ದಿನ ಹ್ಯಾಕ್ಸಾ ಬ್ಲೇಡ್ ತಗೊಂಡು ಅದನ್ನು ಎರಡು ಹೋಳು ಮಾಡಿದೆ. ಪಾತ್ರೆಯ ಹೊಟ್ಟೆ ಚೆನ್ನಾಗಿಯೇ ಇತ್ತು. ಹಿಡಿಯ ಒಳಗೆ ನೋಡಿದರೆ ಕಂದು ಬಣ್ಣದ ಗಟ್ಟಿ ಪದರ! ಹಿಡಿ ಟೊಳ್ಳಾಗಿತ್ತು, ಒಳಗಿನಿಂದ ಹೊಟ್ಟೆಗೇ ತೆರೆದುಕೊಂಡಿತ್ತು. ಪಾತ್ರೆ ಓರೆಯಾದಾಗಲೆಲ್ಲ ಮೂತ್ರ ಅಲ್ಲಿಗೆ ಹೋಗಿ ಕೂರುತ್ತಿತ್ತು. ಯಾವ ಬ್ರಷ್ಷೂ ಅಲ್ಲಿಗೆ ತಲುಪುವಂತಿರಲಿಲ್ಲ.

ನಾವು ಸರಿಯಾಗಿ ತೊಳೆಯುತ್ತಿಲ್ಲ ಅಂತ ಅಷ್ಟು ದಿನ ನಮ್ಮನ್ನೇ ಬೈದುಕೊಂಡಿದ್ದೆವು. ತಪ್ಪು ಪಾತ್ರೆಯ ಆಕಾರದಲ್ಲಿತ್ತು. ಆಮೇಲೆ ನಾನೇ ಒಂದೊಂದಾಗಿ ಮಾದರಿ ಮಾಡಿ ನೋಡಲು ಶುರು ಮಾಡಿದೆ. ಅದರಿಂದ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ವಿನ್ಯಾಸ ಕಲಿಯುವವರಿಗೆ, ಸಣ್ಣ ವರ್ಕ್‌ಶಾಪ್ ಇರುವವರಿಗೆ, ನರ್ಸ್‌ಗಳಿಗೆ, ಮನೆಯಲ್ಲಿ ಆರೈಕೆ ಮಾಡುವವರಿಗೆ ಇದು ಉಪಯೋಗಕ್ಕೆ ಬರಬಹುದು. ನೀವು ಪಾತ್ರೆ ಮಾಡದೆ ಬರೀ ಕೊಳ್ಳುವವರಾದರೂ ಏನು ನೋಡಿ ಕೊಳ್ಳಬೇಕು ಅನ್ನುವುದು ಗೊತ್ತಾಗುತ್ತದೆ.

1. ಯಾರಿಗಾಗಿ ಅಂತ ಮೊದಲು ಬರೆದುಕೊಳ್ಳಿ

ಕಾಗದ, ಪೆನ್ಸಿಲ್ ಹಿಡಿದು ಚಿತ್ರ ಬರೆಯುವ ಮುಂಚೆ ರೋಗಿಯ ಪಕ್ಕ ಒಂದು ದಿನ, ಒಂದು ರಾತ್ರಿ ಕಳೆಯಿರಿ. ಅವರು ಗಂಡಸೋ ಹೆಂಗಸೋ? ಸೊಂಟ ಎತ್ತಲು ಆಗುತ್ತದೆಯೇ? ಪಕ್ಕಕ್ಕೆ ಹೊರಳಬಲ್ಲರೇ? ಎರಡೂ ಕೈ ಆಡುತ್ತವೆಯೇ, ಅಥವಾ ಪಾರ್ಶ್ವವಾಯು ಆಗಿ ಒಂದೇ ಕೈಯೇ? ಕೈ ನಡುಗುತ್ತದೆಯೇ? ರಾತ್ರಿ ಕಣ್ಣು ಎಷ್ಟು ಕಾಣುತ್ತದೆ? ಹಾಸಿಗೆಯ ತಲೆಭಾಗ ಮೇಲೆ ಏಳುತ್ತದೆಯೇ? ಈ ಉತ್ತರಗಳೇ ನಿಮ್ಮ ಅಳತೆಪಟ್ಟಿ.

ಅವರನ್ನೇ ಕೇಳಿ. ಸಂಕೋಚ ಇದ್ದೇ ಇರುತ್ತದೆ, ಆದರೂ ಕೇಳಿ. ನಮ್ಮ ಅಪ್ಪ ಸಂಜೆ ಐದರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ರಾತ್ರಿ ನಮ್ಮನ್ನು ಎಬ್ಬಿಸಬಾರದು ಅಂತ. ಕೇಳುವ ತನಕ ಅದು ನಮಗೆ ಗೊತ್ತೇ ಇರಲಿಲ್ಲ. ನೀರು ಕಡಿಮೆಯಾದರೆ ಮೂತ್ರ ದಟ್ಟವಾಗುತ್ತದೆ, ಸೋಂಕು ಬರುವ ಸಾಧ್ಯತೆ ಹೆಚ್ಚುತ್ತದೆ, ಮಲಬದ್ಧತೆಯೂ ಆಗುತ್ತದೆ. ಹಾಗಾಗಿ ರೋಗಿ ಯಾರನ್ನೂ ಕರೆಯದೆ ತಾನೇ ಬಳಸಬಹುದಾದ ಪಾತ್ರೆ ಸಿಕ್ಕರೆ ಅವರ ಆರೋಗ್ಯಕ್ಕೂ ಒಳ್ಳೆಯದು.

ಈಗ ಪ್ರಮಾಣ. ದೊಡ್ಡವರ ಮೂತ್ರಕೋಶದಲ್ಲಿ ಸಾಮಾನ್ಯವಾಗಿ 400ರಿಂದ 600 ಮಿಲಿಲೀಟರ್ ಹಿಡಿಯುತ್ತದೆ. ಒಂದು ಸಲಕ್ಕೆ ಹೊರಬರುವುದು ಹೆಚ್ಚಾಗಿ 200ರಿಂದ 400. ಇಡೀ ದಿನಕ್ಕೆ 800ರಿಂದ 2000 ಮಿಲಿಲೀಟರ್ ಅಂದುಕೊಳ್ಳಿ. ನೀರು ಇಳಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಜಾಸ್ತಿ. ಹಾಗಾಗಿ 1 ಲೀಟರ್ ಪಾತ್ರೆ ಸರಿಯಾದ ಗಾತ್ರ. ಇನ್ನೂ ದೊಡ್ಡದು ಮಾಡುವ ಆಸೆ ಬೇಡ. 1 ಲೀಟರ್ ಮೂತ್ರ ಅಂದರೆ ಸುಮಾರು 1 ಕಿಲೋ ತೂಕ. ಸೋತ ಕೈಗೆ ಅದೇ ಭಾರ. ದೊಡ್ಡ ಪಾತ್ರೆ ಇದ್ದರೆ 'ತುಂಬಲಿ, ಆಮೇಲೆ ಚೆಲ್ಲೋಣ' ಅನ್ನುವ ಅಭ್ಯಾಸವೂ ಬರುತ್ತದೆ. ಅಲ್ಲಿಂದಲೇ ವಾಸನೆ ಶುರು.

ಕ್ಯಾಥೆಟರ್ (ಮೂತ್ರಕೋಶದೊಳಗೆ ತೂರಿಸಿ ಇಡುವ ನಳಿಕೆ) ಹಾಕಿಸಿಬಿಟ್ಟರೆ ಈ ರಗಳೆ ಇಲ್ಲ ಅಲ್ವಾ ಅಂತ ಅನ್ನಿಸಬಹುದು. ಕೆಲವರಿಗೆ ಅದು ಬೇಕೇ ಬೇಕು, ಆ ತೀರ್ಮಾನ ವೈದ್ಯರದು. ಆದರೆ ಒಳಗೆ ಇಟ್ಟ ಕ್ಯಾಥೆಟರ್‌ನಿಂದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ಪ್ರತಿ ದಿನಕ್ಕೆ ಶೇ 3ರಿಂದ 7ರಷ್ಟು. ಒಂದಕ್ಕೆ ಬಂತು ಅಂತ ತಿಳಿಯುವವರಿಗೆ, ಸ್ವಲ್ಪ ಹೊತ್ತು ತಡೆದುಕೊಳ್ಳಬಲ್ಲವರಿಗೆ ಒಳ್ಳೆಯ ಪಾತ್ರೆಯೇ ಮೇಲು.

2. ಹೊಟ್ಟೆಯ ಒಳಗೋಡೆ: ಇಲ್ಲಿ ಎಷ್ಟು ಹೊತ್ತು ಕಳೆದರೂ ಕಡಿಮೆಯೇ

ಆಗಷ್ಟೇ ಬಂದ ಮೂತ್ರಕ್ಕೆ ಅಷ್ಟೇನೂ ವಾಸನೆ ಇರುವುದಿಲ್ಲ. ನಿಂತ ಮೇಲೆ ಬರುವ ಮೂಗಿಗೆ ಹೊಡೆಯುವ ವಾಸನೆ ಅಮೋನಿಯಾದ್ದು. ಮೂತ್ರದಲ್ಲಿ ಯೂರಿಯಾ ಇದೆ. ಕೆಲವು ಬ್ಯಾಕ್ಟೀರಿಯಾಗಳು ಯೂರಿಯೇಸ್ ಅನ್ನುವ ಕಿಣ್ವದಿಂದ ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಆಗ ಮೂತ್ರ ಕ್ಷಾರದ ಕಡೆಗೆ ತಿರುಗುತ್ತದೆ. ಕ್ಷಾರವಾದ ಕೂಡಲೇ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಫಾಸ್ಫೇಟ್‌ಗಳು ಹರಳುಗಟ್ಟಿ ಗೋಡೆಗೆ ಅಂಟುತ್ತವೆ. ಪಾತ್ರೆಯಲ್ಲಿ ಕಾಣುವ ಬಿಳಿ ಅಥವಾ ಕಂದು ಕರೆ ಅದೇ. ಅದರ ಒರಟು ಮೈಯಲ್ಲಿ ಬ್ಯಾಕ್ಟೀರಿಯಾ ಗೂಡು ಕಟ್ಟುತ್ತವೆ. ಮುಂದಿನ ಸಲ ಬಂದ ಮೂತ್ರಕ್ಕೆ ಅವು ಅಲ್ಲೇ ಕಾದಿರುತ್ತವೆ. ವಾಸನೆ ಇನ್ನೂ ಬೇಗ ಏಳುತ್ತದೆ.

ಇದೆಲ್ಲ ಶುರುವಾಗಲು ಒಂದು ಹನಿ ನಿಲ್ಲುವ ಜಾಗ ಸಾಕು. ಅದಕ್ಕೆ ನಾನು ಚಿತ್ರ ಬರೆಯುವಾಗ ಪ್ರತಿ ಮೂಲೆಗೂ ಮೂರು ಪ್ರಶ್ನೆ ಕೇಳುತ್ತೇನೆ. ಕಣ್ಣಿಗೆ ಕಾಣುತ್ತದೆಯೇ? ಬ್ರಷ್ ಮುಟ್ಟುತ್ತದೆಯೇ? ಬೋರಲು ಹಾಕಿದರೆ ನೀರು ಪೂರ್ತಿ ಇಳಿಯುತ್ತದೆಯೇ? ಒಂದಕ್ಕೆ 'ಇಲ್ಲ' ಅಂತ ಬಂದರೂ ಆ ಮೂಲೆ ಬದಲಾಗಬೇಕು.

ಒಳಗಿನ ಮೂಲೆಗಳೆಲ್ಲ ದುಂಡಗಿರಲಿ. ಆ ದುಂಡಿನ ತ್ರಿಜ್ಯ 10 ಮಿಲಿಮೀಟರ್‌ಗಿಂತ ಕಡಿಮೆ ಬೇಡ. ಬಾಟಲಿ ತೊಳೆಯುವ ಬ್ರಷ್‌ನ ತುದಿ ಅಲ್ಲಿ ಸರಾಗವಾಗಿ ತಿರುಗುವಂತಿರಬೇಕು. ಮಿಲಿಲೀಟರ್ ಗುರುತುಗಳನ್ನು ಹೊರಮೈಯಲ್ಲಿ ಉಬ್ಬಿಸಿ, ಒಳಮೈಯಲ್ಲಿ ಕೊರೆಯಬೇಡಿ. 100 ಮಿಲಿಲೀಟರ್‌ಗೊಂದು ಗೆರೆ ಸಾಕು. ಮುಚ್ಚಳಕ್ಕೆ ತಿರುಪು ಬೇಡ. ತಿರುಪಿನ ಸಂದುಗಳಲ್ಲಿ ಕೊಳೆ ಸೇರಿದರೆ ಹಲ್ಲುಜ್ಜುವ ಬ್ರಷ್ ಹಿಡಿದು ಕೂರಬೇಕಾಗುತ್ತದೆ. ಹಿಡಿಯ ಕಥೆ ಮೊದಲೇ ಹೇಳಿದ್ದೇನೆ. ಗಾಳಿ ಊದಿ ಮಾಡುವ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಹಿಡಿ ಮತ್ತು ಹೊಟ್ಟೆ ಒಂದೇ ಟೊಳ್ಳಾಗಿ ಬರುವುದು ಸಾಮಾನ್ಯ. ಹಾಗೆ ಮಾಡುವುದು ಸುಲಭ, ತೊಳೆಯುವುದು ಅಸಾಧ್ಯ. ಹಿಡಿ ಗಟ್ಟಿಯಾಗಿರಲಿ, ಇಲ್ಲವೇ ಅಚ್ಚಿನಲ್ಲೇ ಬುಡ ಒತ್ತಿ ಮುಚ್ಚಿದ್ದಿರಲಿ.

ಹೆಚ್ಚಿನವರು ಗಮನಿಸದ ಇನ್ನೊಂದು ಜಾಗ ಹೆಗಲು, ಅಂದರೆ ಹೊಟ್ಟೆ ಕತ್ತಿಗೆ ಸೇರುವ ಕಡೆ. ಮೂತ್ರದ ಪಾತ್ರೆಯ ಕತ್ತು ಓರೆಯಾಗಿರುತ್ತದೆ. ಬೋರಲು ಹಾಕಿದಾಗ ಹೆಗಲ ಒಂದು ಬದಿ ಕತ್ತಿಗಿಂತ ಕೆಳಗೆ ಹೋಗುತ್ತದೆ. ಅಲ್ಲಿ ಎರಡು ಚಮಚ ನೀರು ನಿಂತೇ ಇರುತ್ತದೆ. ರಾತ್ರಿಯಿಡೀ ಒಣಗಲು ಇಟ್ಟರೂ ಬೆಳಿಗ್ಗೆ ಒದ್ದೆ. ಹೆಗಲಿನಿಂದ ಬಾಯಿಯ ತನಕ ಒಂದೇ ಇಳಿಜಾರು ಇರುವಂತೆ ಬರೆಯಿರಿ. ಅದು ಆಗದಿದ್ದರೆ ಪಾತ್ರೆಯನ್ನು ಸರಿಯಾದ ಕೋನದಲ್ಲಿ ಹಿಡಿಯುವ ಒಂದು ತಂತಿ ಸ್ಟ್ಯಾಂಡ್ ಮಾಡಿಕೊಡಿ. ಸ್ಟ್ಯಾಂಡ್ ಕೂಡ ವಿನ್ಯಾಸದ ಭಾಗವೇ.

ಕತ್ತನ್ನು ಬಿಚ್ಚುವಂತೆ ಮಾಡಿದರೆ ಕೈ ಒಳಗೆ ಹೋಗುತ್ತದೆ, ತೊಳೆಯುವುದು ಸಲೀಸು. ನಾನೂ ಅದನ್ನು ಮಾಡಿ ನೋಡಿದೆ. ಆದರೆ ಎರಡು ಭಾಗ ಸೇರುವ ಕಡೆ ಒಂದು ಸಂದು ಹುಟ್ಟುತ್ತದೆ, ಅದಕ್ಕೊಂದು ಸಿಲಿಕೋನ್ ರಿಂಗ್ ಬೇಕು, ಆ ರಿಂಗ್‌ನ ಅಡಿಯಲ್ಲೂ ಮೂತ್ರ ಹೋಗುತ್ತದೆ. ಪ್ರತಿ ಸಲ ರಿಂಗ್ ತೆಗೆದು ತೊಳೆಯುವವರು ಇದ್ದರೆ ಸರಿ. ಸುಸ್ತಾದ ಮನೆಯಲ್ಲಿ ಅದು ನಡೆಯುವುದಿಲ್ಲ. ಬಾಯಿ ಅಗಲವಿರುವ ಒಂದೇ ತುಂಡಿನ ಪಾತ್ರೆಗೇ ನನ್ನ ಓಟು.

3. ಬಾಯಿ ಮತ್ತು ಕತ್ತು: ಗಂಡಸರಿಗೆ

ಮಲಗಿದವರ ಪಾತ್ರೆ ನಿಲ್ಲುವುದಿಲ್ಲ, ಅದೂ ಮಲಗುತ್ತದೆ. ಇದನ್ನು ಮರೆತರೆ ಹಾಸಿಗೆ ಒದ್ದೆ. ನಿಲ್ಲಿಸಿದಾಗ 1 ಲೀಟರ್ ಹಿಡಿಯುವ ಪಾತ್ರೆ ಮಲಗಿಸಿದಾಗ ಬಾಯಿಯ ಕೆಳ ಅಂಚಿನ ಮಟ್ಟದ ತನಕ ಮಾತ್ರ ಹಿಡಿಯುತ್ತದೆ. ಹಾಗಾಗಿ ಕತ್ತು ಹೊಟ್ಟೆಯಿಂದ 30ರಿಂದ 45 ಡಿಗ್ರಿ ಮೇಲಕ್ಕೆ ಎದ್ದಿರಬೇಕು. ಪಾತ್ರೆಯನ್ನು ಮಲಗಿಸಿ ನೀರು ಹಾಕುತ್ತಾ ಹೋಗಿ. ಕನಿಷ್ಠ 700 ಮಿಲಿಲೀಟರ್ ಹಿಡಿದ ಮೇಲೇ ಬಾಯಿಂದ ಚೆಲ್ಲಲು ಶುರುವಾಗಬೇಕು. ಅದಕ್ಕಿಂತ ಮೊದಲೇ ಚೆಲ್ಲಿದರೆ ಕತ್ತು ಇನ್ನೂ ಎತ್ತರವಾಗಲಿ.

ಬಾಯಿಯ ಒಳ ಅಗಲ 4.5ರಿಂದ 5.5 ಸೆಂಟಿಮೀಟರ್ ಇಟ್ಟು ಶುರು ಮಾಡಿ. ದಪ್ಪ ಮೈಯವರಿಗೆ, ವಯಸ್ಸಾದವರಿಗೆ ಕೆಲವೊಮ್ಮೆ ಅಂಗ ಒಳಕ್ಕೆ ಸರಿದಿರುತ್ತದೆ. ಅವರಿಗೆ ಇನ್ನೂ ಅಗಲವಾದ, ಮೈಗೆ ಒರಗಿ ಕೂರುವ ಬಾಯಿ ಬೇಕು. ಅಂಚು ಹೊರಕ್ಕೆ ಸುರುಳಿಯಾಗಿ, ಬೆರಳಿನ ಹಾಗೆ ದುಂಡಗಿರಲಿ. ತೆಳು ಅಂಚು ಚರ್ಮಕ್ಕೆ ಕೊಯ್ದ ಹಾಗೆ ಒತ್ತುತ್ತದೆ. ಪಾತ್ರೆಯ ಅಗಲ 12 ಸೆಂಟಿಮೀಟರ್ ದಾಟಿದರೆ ಕಾಲುಗಳನ್ನು ತುಂಬಾ ಅಗಲಿಸಬೇಕಾಗುತ್ತದೆ. ಸೊಂಟದ ಮೂಳೆ ಮುರಿದವರಿಗೆ ಅದು ನರಕ.

ಸಾಧ್ಯವಾದರೆ ಪಕ್ಕಕ್ಕೆ ಹೊರಳಿಸಿ ಬಳಸಿ ನೋಡಿ. ಬೆನ್ನ ಮೇಲೆ ಮಲಗಿ ಮೂತ್ರ ಮಾಡುವುದಕ್ಕಿಂತ ಪಕ್ಕಕ್ಕೆ ಹೊರಳಿದಾಗ ಇಳಿಜಾರು ಸಿಗುತ್ತದೆ, ಪಾತ್ರೆ ಹಾಸಿಗೆಯ ಮೇಲೆ ನೆಮ್ಮದಿಯಾಗಿ ಕೂರುತ್ತದೆ. ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತಿದರೂ ಅನುಕೂಲ.

4. ಹೆಂಗಸರಿಗೆ ಬೇರೆಯೇ ಲೆಕ್ಕ

ಇಲ್ಲಿ ನನಗೆ ನಿಜವಾಗಿ ಬೇಜಾರಾಗುತ್ತದೆ. ಹಾಸಿಗೆ ಹಿಡಿದ ಹೆಂಗಸರಿಗೆ ಬೆಡ್‌ಪ್ಯಾನ್ ಅಥವಾ ಡೈಪರ್ ಅಂತಲೇ ಎಷ್ಟೋ ಜನ ತೀರ್ಮಾನಿಸಿಬಿಡುತ್ತಾರೆ. ಬೆಡ್‌ಪ್ಯಾನ್‌ಗೆ ಸೊಂಟ ಎತ್ತಬೇಕು. ಪ್ರತಿ ಸಲ ಎತ್ತಿ ಇಳಿಸುವುದು ನೋವಿನ ಕೆಲಸ, ಎತ್ತುವವರ ಬೆನ್ನಿಗೂ ಏಟು. ಗಂಡಸರ ಪಾತ್ರೆಗೆ ಸುಮ್ನೆ ಒಂದು ಆಲಿಕೆ ಸಿಕ್ಕಿಸಿ 'ಹೆಂಗಸರಿಗೂ ಆಗುತ್ತದೆ' ಅನ್ನುವುದೂ ಸರಿಯಲ್ಲ.

ಬಾಯಿ ದೋಣಿಯ ಹಾಗಿರಲಿ: ಉದ್ದ 10ರಿಂದ 12, ಅಗಲ 6ರಿಂದ 8 ಸೆಂಟಿಮೀಟರ್. ಹಿಂದಿನ ತುಟಿ ತಗ್ಗಾಗಿ, ಅಗಲವಾಗಿ, ನಾಲಿಗೆಯ ಹಾಗೆ ಹೊರಕ್ಕೆ ಚಾಚಿರಲಿ. ಅದು ಮೈಯ ಅಡಿಗೆ ಸ್ವಲ್ಪ ಜಾರಿ ಕೂರಬೇಕು. ಮೂತ್ರ ಹಿಂದಕ್ಕೆ ಹರಿದು ಪೃಷ್ಠ ಒದ್ದೆಯಾಗುವುದು ಈ ತುಟಿ ಚಿಕ್ಕದಾದಾಗಲೇ. ಮುಂದಿನ ತುಟಿ ಎತ್ತರವಿರಲಿ, ಚಿಮ್ಮಿದ್ದು ಅಲ್ಲಿ ತಡೆಯಲಿ. ತುಟಿಗೆ ಮೆತ್ತನೆಯ ಸಿಲಿಕೋನ್ ಒಳ್ಳೆಯದು, ಆದರೆ ಅದು ಕಳಚಿ ಬರುವಂತಿರಬೇಕು.

ದೊಡ್ಡ ತೊಡಕು ಎತ್ತರದ್ದು. ಚಪ್ಪಟೆ ಹಾಸಿಗೆಯಲ್ಲಿ ಮೂತ್ರ ಇಳಿಯಲು ಜಾಗವೇ ಇಲ್ಲ. ಪಾತ್ರೆಯ ಹೊಟ್ಟೆ ಬಾಯಿಗಿಂತ ಕೆಳಗಿರಬೇಕು, ಆದರೆ ಕೆಳಗೆ ಹಾಸಿಗೆ ಇದೆ. ಇದಕ್ಕೆ ಮೂರು ದಾರಿ ಕಂಡಿವೆ. ಒಂದು, ಸೊಂಟದ ಅಡಿಗೆ ತೆಳ್ಳನೆಯ ಗಟ್ಟಿ ದಿಂಬು ಇಟ್ಟು ನಾಲ್ಕೈದು ಸೆಂಟಿಮೀಟರ್ ಎತ್ತರ ಗಳಿಸುವುದು. ಎರಡು, ಹಾಸಿಗೆಯ ಅಂಚಿಗೆ ಸರಿದು ಕೂರಬಲ್ಲವರಾದರೆ ಅಲ್ಲೇ ಬಳಸುವುದು. ಮೂರು, ಬಾಯಿಗೆ ಒಂದು ನಳಿಕೆ ಜೋಡಿಸಿ ಮೂತ್ರವನ್ನು ಹಾಸಿಗೆಗಿಂತ ಕೆಳಗಿರುವ ಬಾಟಲಿಗೆ ಇಳಿಸುವುದು.

ಮೂರನೆಯದು ಚೆನ್ನಾಗಿ ಕೆಲಸ ಮಾಡುತ್ತದೆ, ನಳಿಕೆ ಸರಿಯಿದ್ದರೆ. ಮೂತ್ರ ರಭಸವಾಗಿ ಬರುವಾಗ ಸೆಕೆಂಡಿಗೆ 20ರಿಂದ 30 ಮಿಲಿಲೀಟರ್ ತನಕ ಇರಬಹುದು. ಕಡ್ಡಿಯಂಥ ಸಣ್ಣ ನಳಿಕೆಗೆ ಅಷ್ಟನ್ನು ಸಾಗಿಸಲು ಆಗುವುದಿಲ್ಲ, ಬಾಯಿ ತುಂಬಿ ಉಕ್ಕುತ್ತದೆ. ಒಳ ಅಗಲ ಕನಿಷ್ಠ 10 ಮಿಲಿಮೀಟರ್ ಇರಲಿ. ಉದ್ದ 1 ಮೀಟರ್ ದಾಟದಿರಲಿ. ನೇರವಾಗಿ ಕೆಳಗಿಳಿಯಲಿ. ನಡುವೆ ಜೋಲು ಬಿದ್ದರೆ ಅಲ್ಲಿ ಮೂತ್ರ ನಿಂತು ಗಾಳಿ ಕಟ್ಟುತ್ತದೆ, ಹರಿವು ನಿಲ್ಲುತ್ತದೆ. ಕೆಳಗಿನ ಬಾಟಲಿಗೆ ಗಾಳಿ ಹೊರಹೋಗುವ ಒಂದು ತೂತು ಬೇಕೇ ಬೇಕು. ಪರೀಕ್ಷೆ ಸುಲಭ: 250 ಮಿಲಿಲೀಟರ್ ನೀರನ್ನು 10 ಸೆಕೆಂಡಿನಲ್ಲಿ ಬಾಯಿಗೆ ಸುರಿಯಿರಿ. ಒಂದು ಹನಿಯೂ ಉಕ್ಕಬಾರದು. ನಳಿಕೆಯ ಒಳಗನ್ನು ಬ್ರಷ್ ಹಾಕಿ ತೊಳೆಯುವುದು ಕಷ್ಟ. ಹಾಗಾಗಿ ಪಾರದರ್ಶಕ ನಳಿಕೆಯನ್ನೇ ಬಳಸಿ, ಮಬ್ಬಾದ ಕೂಡಲೇ ಬದಲಾಯಿಸಿ.

5. ಯಾವುದರಿಂದ ಮಾಡಬೇಕು

ಪ್ಲಾಸ್ಟಿಕ್ ಸಾಮಾನಿನ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 5 ಅಂದರೆ ಪಾಲಿಪ್ರೊಪಿಲೀನ್. ಇದೇ ನನ್ನ ಮೊದಲ ಆಯ್ಕೆ. ಕರಗುವುದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆಸ್ಪತ್ರೆಯ ಆಟೋಕ್ಲೇವ್‌ನ (ಒತ್ತಡದ ಹಬೆಯಲ್ಲಿ ಸೋಂಕು ಕಳೆಯುವ ಯಂತ್ರದ) 121 ಡಿಗ್ರಿಯನ್ನೂ ತಾಳುತ್ತದೆ. ಹಗುರ, ಅರೆಪಾರದರ್ಶಕ. ಮೂತ್ರ, ಸೋಪು, ಬ್ಲೀಚ್ ಯಾವುದಕ್ಕೂ ಜಗ್ಗುವುದಿಲ್ಲ. 2 ಅಂದರೆ ಗಟ್ಟಿ ಪಾಲಿಎಥಿಲೀನ್. ಮಾಮೂಲಿ ತೊಳೆಯುವಿಕೆಗೆ ಇದೂ ಒಳ್ಳೆಯದೇ, ಕುದಿಯುವ ನೀರಿಗೆ ಮಾತ್ರ ಮೆತ್ತಗಾಗುತ್ತದೆ. 1 ಅಂದರೆ ಕುಡಿಯುವ ನೀರಿನ ಬಾಟಲಿಯ ಪ್ಲಾಸ್ಟಿಕ್. ಬಿಸಿ ನೀರು ಬಿದ್ದರೆ ಸೊಟ್ಟಗಾಗುತ್ತದೆ. ಬಾಟಲಿ ಕತ್ತರಿಸಿ ಪಾತ್ರೆ ಮಾಡಿಕೊಂಡವರನ್ನು ನೋಡಿದ್ದೇನೆ, ಆ ಕತ್ತರಿಸಿದ ಅಂಚು ಚರ್ಮ ಸೀಳುತ್ತದೆ. ದಯವಿಟ್ಟು ಬೇಡ.

ಸ್ಟೀಲ್ ವರ್ಷಗಟ್ಟಲೆ ಬಾಳುತ್ತದೆ, ಕುದಿಸಬಹುದು. ಆದರೆ ಚಳಿಯಲ್ಲಿ ಮೈಗೆ ತಾಕಿದರೆ ರೋಗಿ ಬೆಚ್ಚಿಬೀಳುತ್ತಾರೆ, ಬಂದ ಮೂತ್ರವೂ ನಿಲ್ಲುತ್ತದೆ. ಒಳಗೆ ಎಷ್ಟಿದೆ, ಬಣ್ಣ ಹೇಗಿದೆ ಅನ್ನುವುದೂ ಹೊರಗಿನಿಂದ ಕಾಣುವುದಿಲ್ಲ. ಆ ಬಣ್ಣ ನೋಡುವುದು ಮುಖ್ಯ. ಗಾಢ ಹಳದಿ ಕಂಡರೆ ನೀರು ಸಾಲುತ್ತಿಲ್ಲ ಅಂತ ತಿಳಿಯಿರಿ. ಕೆಂಪು ಕಂಡರೆ, ಅಥವಾ ಇಡೀ ದಿನಕ್ಕೆ 400 ಮಿಲಿಲೀಟರ್‌ಗಿಂತ ಕಡಿಮೆ ಬಂದರೆ ತಡಮಾಡದೆ ವೈದ್ಯರಿಗೆ ಹೇಳಬೇಕು.

ಪಾತ್ರೆ ಅರೆಪಾರದರ್ಶಕವಾದರೆ ಬಂದವರೆಲ್ಲರಿಗೂ ಕಾಣುತ್ತದಲ್ಲ ಅನ್ನುವ ಮುಜುಗರ ಸಹಜ. ಅದಕ್ಕೆ ಒಂದು ಬಟ್ಟೆಯ ಚೀಲ ಹೊಲಿಯಿರಿ, ದಿನಾ ಒಗೆಯುವಂಥದ್ದು. ಪಾತ್ರೆಗೆ ಬಣ್ಣ ಹಚ್ಚಿ ಮುಚ್ಚಬೇಡಿ.

3ಡಿ ಪ್ರಿಂಟರ್ ಇರುವವರಿಗೆ ಒಂದು ಮಾತು. ಪ್ರಿಂಟ್ ಮಾಡಿದ ಗೋಡೆ ನುಣುಪಾಗಿ ಕಂಡರೂ ಪದರ ಪದರವಾಗಿರುತ್ತದೆ. ಆ ಗೆರೆಗಳ ಸಂದಿನಲ್ಲಿ ಕೊಳೆ ಕೂರುತ್ತದೆ. ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಆಕಾರ ಪರೀಕ್ಷಿಸಲು ಅದು ಬಹಳ ಒಳ್ಳೆಯದು. ದಿನಬಳಕೆಗೆ ಬೇಡವೇ ಬೇಡ.

6. ಹಿಡಿ, ತಳ, ಮುಚ್ಚಳ

ಹಿಡಿಯನ್ನು ಬೆರಳು ಮಡಚದೆಯೂ ಎತ್ತುವಂತಿರಬೇಕು. ಪಾರ್ಶ್ವವಾಯು ಆದವರಿಗೆ, ಸಂಧಿವಾತ ಇರುವವರಿಗೆ ಮುಷ್ಟಿ ಬಿಗಿಯಲು ಆಗುವುದಿಲ್ಲ. ಅಂಗೈ ಪೂರ್ತಿ ತೂರುವ ದೊಡ್ಡ ಬಳೆಯಂಥ ಹಿಡಿ ಮಾಡಿ. ಒಳ ಉದ್ದ 10, ಒಳ ಎತ್ತರ 4 ಸೆಂಟಿಮೀಟರ್ ಸಾಕು. ಕೈ ತೂರಿಸಿ ಎತ್ತಿದರೆ ಆಯಿತು. ಎಡಗೈಗೂ ಬಲಗೈಗೂ ಒಂದೇ ಥರ ಒದಗಲಿ.

ತಳದ ಬಗ್ಗೆ ಒಂದೇ ಮಾತು: ಮೇಜಿನ ಮೇಲೆ ನಿಂತ ಪಾತ್ರೆ ಹಾಸಿಗೆಯ ಮೇಲೆ ನಿಲ್ಲುತ್ತದೆ ಅಂದುಕೊಳ್ಳಬೇಡಿ. ಹಾಸಿಗೆ ಕುಸಿಯುತ್ತದೆ. ನಿಲ್ಲಲು ಒಂದು ಚಪ್ಪಟೆ ಮೈ, ಮಲಗಲು ಇನ್ನೊಂದು ಚಪ್ಪಟೆ ಮೈ ಬೇಕು. ದುಂಡನೆಯ ಪಾತ್ರೆ ಉರುಳುತ್ತದೆ.

ಮುಚ್ಚಳ ಒತ್ತಿದರೆ ಕೂರುವ, ಒಂದೇ ಬೆರಳಿನಲ್ಲಿ ಏಳುವ ಮೆತ್ತನೆಯದಿರಲಿ. ಕೈ ನಡುಗುವವರಿಗೆ ಕತ್ತಿನೊಳಗೆ ಹಿಂದಿರುಗದ ಬಾಗಿಲು ಇಡುತ್ತಾರೆ, ಒಳಗೆ ಹೋದ ಮೂತ್ರ ವಾಪಸ್ ಬರುವುದಿಲ್ಲ. ಉಪಯೋಗ ಇದೆ. ಆದರೆ ಆ ಬಾಗಿಲಿನ ಹಿಂಬದಿಯಷ್ಟು ಬೇಗ ಕೊಳೆಯುವ ಜಾಗ ಇನ್ನೊಂದಿಲ್ಲ. ಯಾವ ಉಪಕರಣವೂ ಇಲ್ಲದೆ ಬರಿಗೈಯಲ್ಲಿ ಎಳೆದು ತೆಗೆಯಲು ಬಂದರೆ ಮಾತ್ರ ಇಡಿ.

ಮುಚ್ಚಳ ಮತ್ತು ಅಂಚಿಗೆ ಎದ್ದು ಕಾಣುವ ಬಣ್ಣ ಕೊಡಿ. ಕತ್ತಲಲ್ಲಿ ಹೊಳೆಯುವ ಒಂದು ಪಟ್ಟಿಯನ್ನು ಹೊರಮೈಗೆ ಸುತ್ತಿದರೆ ಇನ್ನೂ ಒಳ್ಳೆಯದು. ಪಾತ್ರೆ ತೂಗು ಹಾಕುವ ಕೊಕ್ಕೆ ಮಂಚದ ಬದಿಗೆ, ರೋಗಿಯ ಗಟ್ಟಿ ಕೈ ಇರುವ ಕಡೆಗೆ, ಹಾಸಿಗೆಯ ಮಟ್ಟಕ್ಕಿಂತ ಕೆಳಗೆ ಇರಲಿ. ಊಟದ ಮೇಜಿನ ಮೇಲೆ ಯಾವತ್ತೂ ಬೇಡ. ಅಪ್ಪನಿಗೆ ಕೊಕ್ಕೆಯ ಜಾಗ ಸರಿಯಾಗುವ ತನಕ ಮೂರು ಸಲ ಬದಲಾಯಿಸಿದೆವು. ನಾಲ್ಕನೇ ಜಾಗದಲ್ಲಿ ಅವರ ಕೈ ನೋಡದೆಯೇ ಅದರ ಮೇಲೆ ಹೋಯಿತು. ಆ ವಾರದಿಂದ ಅವರು ಸಂಜೆಯೂ ನೀರು ಕೇಳಿ ಕುಡಿಯತೊಡಗಿದರು.

7. ರೋಗಿಗೆ ಕೊಡುವ ಮುಂಚೆ ನೀವು ಮಲಗಿ

ಮಾದರಿ ಸಿದ್ಧವಾದ ಮೇಲೆ ಹಾಸಿಗೆಯ ಮೇಲೆ ನೀವೇ ಮಲಗಿ. ದೀಪ ಆರಿಸಿ. ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಿ. ಪಾತ್ರೆ ಹುಡುಕಿ, ಮುಚ್ಚಳ ತೆಗೆದು, ಇಟ್ಟುಕೊಂಡು, ಬಳಸಿ, ಮತ್ತೆ ಕೊಕ್ಕೆಗೆ ಹಾಕಿ. ಹತ್ತು ದಿನ ಚಿತ್ರ ಬರೆದರೂ ತಿಳಿಯದ್ದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಆಮೇಲೆ ಕೊಳೆ ಪರೀಕ್ಷೆ. ದಪ್ಪಗೆ ಕಲಸಿದ ವಾಟರ್ ಕಲರ್ ಅನ್ನು ಪಾತ್ರೆಯ ಒಳಗೆಲ್ಲ ಹರಡಿ ಪೂರ್ತಿ ಒಣಗಲು ಬಿಡಿ. ಈ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಕೊಟ್ಟು ಎರಡೇ ನಿಮಿಷದಲ್ಲಿ ತೊಳೆಯಲು ಹೇಳಿ. ಟಾರ್ಚ್ ಬಿಟ್ಟು ನೋಡಿ. ಬಣ್ಣ ಉಳಿದ ಕಡೆಯೆಲ್ಲ ನಾಳೆ ಕರೆ ಕಟ್ಟುತ್ತದೆ. ನೀವೇ ತೊಳೆದರೆ ಪರೀಕ್ಷೆ ಸುಳ್ಳಾಗುತ್ತದೆ, ಯಾಕೆಂದರೆ ಎಲ್ಲಿ ಉಜ್ಜಬೇಕು ಅಂತ ನಿಮಗೆ ಗೊತ್ತು.

80 ಡಿಗ್ರಿಯ ನೀರನ್ನು ಹತ್ತಾರು ಸಲ ತುಂಬಿಸಿ ಖಾಲಿ ಮಾಡಿ, ಸೊಟ್ಟಗಾಗಿದೆಯೇ ನೋಡಿ. ತುಂಬಿದ ಪಾತ್ರೆಯನ್ನು ಮುಚ್ಚಳ ಹಾಕಿ ಮಂಚದ ಎತ್ತರದಿಂದ ಬೀಳಿಸಿ. ಬಿರುಕು ಬಿಟ್ಟರೆ ಗೋಡೆ ದಪ್ಪವಾಗಲಿ, 2 ಮಿಲಿಮೀಟರ್ ಆಸುಪಾಸು ಸಾಕಾಗುತ್ತದೆ.

8. ತೊಳೆಯುವ ಕ್ರಮ

ಇದನ್ನು ಪಾತ್ರೆಯ ಜೊತೆಗೇ ಬರೆದುಕೊಡಿ. ಒಬ್ಬರಿಗೆ ಎರಡು ಪಾತ್ರೆ ಇರಲಿ. ಒಂದು ಬಳಕೆಯಲ್ಲಿ, ಇನ್ನೊಂದು ಒಣಗುತ್ತಾ. ಒಬ್ಬರ ಪಾತ್ರೆ ಇನ್ನೊಬ್ಬರಿಗೆ ಬೇಡ, ಹೆಸರು ಬರೆದಿಡಿ.

ಪ್ರತಿ ಸಲ ಬಳಸಿದ ಮೇಲೆ ಗ್ಲೌಸ್ ಹಾಕಿ ಶೌಚದ ಗುಂಡಿಗೇ ಚೆಲ್ಲಿ, ಅಡುಗೆಮನೆಯ ಸಿಂಕ್‌ಗೆ ಅಲ್ಲ. ಮೊದಲು ತಣ್ಣೀರಿನಲ್ಲಿ ಜಾಲಿಸಿ. ರಕ್ತ ಅಥವಾ ಪ್ರೋಟೀನ್ ಇದ್ದರೆ ಬಿಸಿ ನೀರಿಗೆ ಅದು ಗೋಡೆಗೆ ಕಚ್ಚಿಕೊಳ್ಳುತ್ತದೆ. ದಿನಕ್ಕೆ ಒಂದೆರಡು ಸಲವಾದರೂ ಸೋಪಿನ ಪುಡಿ, ಬೆಚ್ಚಗಿನ ನೀರು, ಇದಕ್ಕೆಂದೇ ಇಟ್ಟ ಬ್ರಷ್ ಹಾಕಿ ಉಜ್ಜಿ. ಚೆನ್ನಾಗಿ ಜಾಲಿಸಿದ ಮೇಲೆ, ದಿನಕ್ಕೊಮ್ಮೆ ಬ್ಲೀಚ್ ನೀರಿನಲ್ಲಿ 10 ನಿಮಿಷ ಮುಳುಗಿಸಿಡಿ. ಶೇ 5ರ ಬ್ಲೀಚ್ ಆದರೆ 20 ಮಿಲಿಲೀಟರ್‌ಗೆ ನೀರು ಸೇರಿಸಿ 1 ಲೀಟರ್ ಮಾಡಿ, ಶೇ 0.1ರ ದ್ರಾವಣ ಸಿಗುತ್ತದೆ. ಅದನ್ನು ಅಂದಂದೇ ಮಾಡಿಕೊಳ್ಳಿ, ನಿನ್ನೆಯದು ಬೇಡ. ಆಮೇಲೆ ಮತ್ತೆ ಜಾಲಿಸಿ ಬೋರಲು ಹಾಕಿ ಪೂರ್ತಿ ಒಣಗಿಸಿ. ಒಣಗುವುದು ಅರ್ಧ ಕೆಲಸ.

ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಮೂತ್ರ ಇರುವ ಪಾತ್ರೆಗೆ ಬ್ಲೀಚ್ ಹಾಕಬೇಡಿ. ಬ್ಲೀಚ್ ಮತ್ತು ವಿನೆಗರ್ ಅಥವಾ ಸಿಟ್ರಿಕ್ ಆಮ್ಲ ಸೇರಿಸಬೇಡಿ. ಮೂತ್ರದ ಅಮೋನಿಯಾ ಜೊತೆ ಬ್ಲೀಚ್ ಸೇರಿದರೆ ಕ್ಲೋರಮೀನ್, ಆಮ್ಲದ ಜೊತೆ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಎರಡೂ ಶ್ವಾಸಕೋಶಕ್ಕೆ ಅಪಾಯ.

ಕರೆ ಕಟ್ಟಿದ್ದರೆ ಬ್ಲೀಚ್‌ನಿಂದ ಪ್ರಯೋಜನವಿಲ್ಲ. ಅದು ಖನಿಜ, ಆಮ್ಲಕ್ಕೆ ಮಾತ್ರ ಕರಗುತ್ತದೆ. ವಾರಕ್ಕೊಮ್ಮೆ, ಆ ದಿನದ ಬ್ಲೀಚ್ ಬಿಟ್ಟು, 1 ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಮ್ಲ ಹಾಕಿ ಒಂದು ಗಂಟೆ ತುಂಬಿಸಿಡಿ. ಆಸ್ಪತ್ರೆಗಾಗಿ ವಿನ್ಯಾಸ ಮಾಡುವವರು ಅಲ್ಲಿನ ತೊಳೆಯುವ ಯಂತ್ರವನ್ನು ನೋಡಿ ಬನ್ನಿ. ಅವು ಪಾತ್ರೆಯ ಮೇಲ್ಮೈಯನ್ನು 80 ಡಿಗ್ರಿಗೆ ಒಂದು ನಿಮಿಷ ಬಿಸಿ ಮಾಡಿ ಸೋಂಕು ಕಳೆಯುತ್ತವೆ. ನಿಮ್ಮ ಪಾತ್ರೆ ಆ ಯಂತ್ರದ ಹಿಡಿಕೆಯಲ್ಲಿ ಕೂರಬೇಕು, ನೀರಿನ ಚಿಲುಮೆ ಅದರ ಬಾಯಿಯೊಳಗೆ ನೇರ ಹೋಗಬೇಕು.

ಕೊನೆಗೆ ಸೋಪು ಹಾಕಿ 40ರಿಂದ 60 ಸೆಕೆಂಡ್ ಕೈ ತೊಳೆಯಿರಿ. ಗ್ಲೌಸ್ ಹಾಕಿದ್ದರೂ ಸರಿ. ರೋಗಿಯ ಕೈಯನ್ನೂ ಒರೆಸಿ, ಅದನ್ನು ಎಷ್ಟೋ ಸಲ ಮರೆಯುತ್ತೇವೆ.

9. ಬಳಕೆಯಲ್ಲಿದ್ದಾಗ

ಪಾತ್ರೆಯನ್ನು ಕಾಲುಗಳ ನಡುವೆ ಬಿಟ್ಟು ಹೋಗಬೇಡಿ. 'ಬಂದಾಗ ಬರಲಿ' ಅಂತ ಗಂಟೆಗಟ್ಟಲೆ ಇಟ್ಟರೆ ಅಂಚು ಒತ್ತಿ ಚರ್ಮ ಕೆಂಪಾಗುತ್ತದೆ, ಆಮೇಲೆ ಹುಣ್ಣು. ಹಾಸಿಗೆ ಹಿಡಿದವರಲ್ಲಿ ಅಂಥ ಹುಣ್ಣು ಮಾಯುವುದು ಬಹಳ ನಿಧಾನ. ಮುಗಿದ ಕೂಡಲೇ ತೆಗೆದು, ಒತ್ತಿ ಒರೆಸಿ, ಒಣಗಿಸಿ. ಮೊದಲ ವಾರ ಅಂಚು ತಾಗುವ ಜಾಗವನ್ನು ದಿನಾ ನೋಡಿ. ತೆಗೆದು ಅರ್ಧ ಗಂಟೆಯಾದರೂ ಕೆಂಪು ಹೋಗದಿದ್ದರೆ ಅಂಚಿನ ಆಕಾರ ತಪ್ಪಿದೆ ಅಂತ ಅರ್ಥ.

ಬಿರುಕು ಕಂಡರೆ, ಒಳಗೋಡೆ ಗೀರಿ ಮಬ್ಬಾದರೆ, ಸಿಟ್ರಿಕ್ ಆಮ್ಲ ಹಾಕಿದ ಮೇಲೂ ವಾಸನೆ ಉಳಿದರೆ ಆ ಪಾತ್ರೆಯ ಕಾಲ ಮುಗಿಯಿತು. ಬಿಸಾಡುವ ಮುನ್ನ ಅದನ್ನು ತೊಳೆದು, ಗ್ಲೌಸ್ ಹಾಕಿಕೊಂಡು, ಉದ್ದಕ್ಕೆ ಕೊಯ್ದು ನೋಡಿ. ಪದರ ಎಲ್ಲಿ ಕೂತಿದೆಯೋ ಅಲ್ಲಿಂದಲೇ ಮುಂದಿನ ಮಾದರಿಯ ಚಿತ್ರ ಬರೆಯಲು ಶುರು ಮಾಡಿ.